ಜಂತುನಾಶಕದಿಂದ ಮಿದುಳಿನ ಸಂಶೋಧನೆಗೆ: ಕೈನಿಕ್ ಆಮ್ಲದ ಚರಿತ್ರೆ

ಮನುಷ್ಯನ ಮಿದುಳಿನ ನರಕೋಶಗಳ ಹೊರಪೊರೆಯಲ್ಲಿ ಹುದುಗಿರುವ ಒಂದು ಬಗೆಯ ಪ್ರೋಟೀನುಗಳಿಗೆ ‘ಕೈನೇಟ್ ಗ್ರಾಹಕ’ಗಳೆಂದು ಹೆಸರು. ನರವಿಜ್ಞಾನದ ಯಾವ ಪಠ್ಯಗ್ರಂಥವನ್ನು ತೆರೆದರೂ ಈ ಹೆಸರು ಕಾಣುತ್ತದೆ. ಅದು ಎಲ್ಲಿಂದ ಬಂದಿತೆಂಬ ವಿವರಣೆ ಮಾತ್ರ ಅಲ್ಲಿ ಅಪರೂಪ. ಕೈನೇಟ್, ಎಂದರೆ ಕೈನಿಕ್ ಆಮ್ಲ, ಮನುಷ್ಯನ ಶರೀರದಲ್ಲಿ ಉತ್ಪತ್ತಿಯಾಗತಕ್ಕ ಪದಾರ್ಥವಲ್ಲ. ಅದು ಬೆಚ್ಚನೆಯ ಸಮುದ್ರಗಳಲ್ಲಿ ಬೆಳೆಯುವ ಒಂದು ಕೆಂಪು ಕಡಲಕಳೆಯ ಸತ್ತ್ವ. ಜಪಾನಿನ ಜನರು ಬಹುಕಾಲದಿಂದ ಆ ಕಳೆಯನ್ನು ಕುದಿಸಿ, ಹೊಟ್ಟೆಯಲ್ಲಿ ಹುಳುವಾದ ಮಕ್ಕಳಿಗೆ ಕುಡಿಸುತ್ತಿದ್ದರು. ಹುಳುವಿನ ಮದ್ದೊಂದು ಮಿದುಳಿನ ಒಂದು ಅಂಶಕ್ಕೆ ತನ್ನ ಹೆಸರನ್ನು ಕೊಟ್ಟದ್ದು ಹೇಗೆ ಎಂಬುದೇ ಪ್ರಕೃತ ಲೇಖನದ ವಿಷಯ.

ಇತಿಹಾಸದ ಅಧ್ಯಾಪಕನೊಬ್ಬನು ರಸಾಯನಕ್ಕೂ ಶರೀರಶಾಸ್ತ್ರಕ್ಕೂ ಸೇರಿದ ಈ ವಿಷಯಕ್ಕೆ ಕೈಹಾಕುವುದು ಅಧಿಕಪ್ರಸಂಗವೆಂದು ವಾಚಕರಲ್ಲಿ ಕೆಲವರಿಗೆ ತೋರಬಹುದು. ಅವರಿಗೆ ನಮ್ಮ ಸಮಾಧಾನವಿಷ್ಟು. ಈ ವೃತ್ತಾಂತವನ್ನು ಎರಡು ಬಗೆಯಾಗಿ ಹೇಳುವುದುಂಟು. ಹಳ್ಳಿಗರ ಮದ್ದೊಂದು ಆಕಸ್ಮಿಕವಾಗಿ ವಿಜ್ಞಾನಿಗಳ ಕೈಗೆ ಸಿಕ್ಕಿ ಸಾರ್ಥಕವಾಯಿತು ಎಂಬುದು ಒಂದು ಬಗೆ. ಮಿದುಳನ್ನು ಸುಡುವ ವಿಷವನ್ನು ತಿಳಿಯದೆ ಮಕ್ಕಳಿಗೆ ಕುಡಿಸುತ್ತಿದ್ದರು ಎಂಬುದು ಇನ್ನೊಂದು. ಇವೆರಡೂ ರಸಾಯನಶಾಸ್ತ್ರದ ಹೇಳಿಕೆಗಳಲ್ಲ; ಗತಕಾಲದ ಬಗ್ಗೆ ಮಾಡಿದ ತೀರ್ಪುಗಳು. ಆದಕಾರಣ ಅವುಗಳನ್ನು ಇತಿಹಾಸದ ಒರೆಗಲ್ಲಿಗೆ ಹಚ್ಚಿ ನೋಡುವುದು ನಮ್ಮ ಕೆಲಸದ ಎಲ್ಲೆಯನ್ನು ಮೀರಿದ್ದಾಗಲಾರದು.

ಮೊದಲು ಆ ಕಳೆಯ ವಿಚಾರ. ಸಸ್ಯಶಾಸ್ತ್ರಜ್ಞರು ಅದನ್ನು ಡೈಜೀನಿಯ ಸಿಂಪ್ಲೆಕ್ಸ್ ಎಂದು ಕರೆಯುತ್ತಾರೆ. ಅಲೆಯಿಳಿತದ ಗೆರೆಗೆ ತುಸು ಕೆಳಗೆ, ಬಂಡೆಗಳಿಗೂ ಹವಳದ ದಿಬ್ಬಗಳಿಗೂ ಅಂಟಿಕೊಂಡು ಅದು ಗೇಣುದ್ದದವರೆಗೆ ಬೆಳೆಯುತ್ತದೆ. ಕವಲುಗಳ ಮೈತುಂಬ ಸಣ್ಣ ಬಿರುಗೂದಲಿನಂತಹ ಎಳೆಗಳಿರುವುದರಿಂದ ನೋಟಕ್ಕೆ ಸೀಸೆ ತೊಳೆಯುವ ಕುಂಚದಂತಿರುತ್ತದೆ. ಜಪಾನೀ ಭಾಷೆಯಲ್ಲಿ ಅದಕ್ಕೆ ಮಕುರಿ ಎಂಬುದು ಬಳಕೆಯ ಹೆಸರು. ಬರೆಹದಲ್ಲಿ ಕಾಣುವ ಇನ್ನೊಂದು ಹೆಸರು ಕೈನಿನ್‌ಸೋ. ಈ ಎರಡನೆಯದನ್ನು ಬರೆಯುವ ಮೂರು ಲಿಪಿಚಿಹ್ನೆಗಳಿಗೆ ಕ್ರಮವಾಗಿ ಕಡಲು, ಮನುಷ್ಯ, ಹುಲ್ಲು ಎಂದು ಅರ್ಥ. ಕೆಲವು ಇಂಗ್ಲಿಷ್ ಬರೆಹಗಳಲ್ಲಿ ಈ ಹೆಸರಿಗೆ ‘ಕಡಲ ಭೂತ’ ಎಂಬ ರಮ್ಯವಾದ ಅರ್ಥವನ್ನು ಹೇಳಿರುವುದುಂಟು. ಲಿಪಿಚಿಹ್ನೆಗಳಲ್ಲಿ ಭೂತವಂತೂ ಇಲ್ಲ, ಇರುವವನು ಕಡಲಿನಿಂದ ಬದುಕುವ ಮನುಷ್ಯ. ಜಪಾನಿನ ದಕ್ಷಿಣ ತುದಿಯ ಕ್ಯೂಶು ಪ್ರಾಂತ, ಅದರಾಚೆಯ ರ‍್ಯೂಕ್ಯೂ ದ್ವೀಪಗಳು ಇದರ ನೆಲೆ. ದಕ್ಷಿಣ ಚೀನ ಸಮುದ್ರದ ಪ್ರತಾಸ್ ದ್ವೀಪದ ಸುತ್ತಲೂ ಇದು ಹೇರಳವಾಗಿದ್ದು, ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಲ್ಲಿಂದ ಇದನ್ನು ವ್ಯಾಪಾರಕ್ಕಾಗಿ ಕಿತ್ತು ತರುತ್ತಿದ್ದರು. ಎಂದರೆ ಇದು ಮನೆಮದ್ದು ಮಾತ್ರವಾಗಿರಲಿಲ್ಲ. ಬೆಲೆಯುಳ್ಳ ಸರಕೂ ಆಗಿದ್ದಿತು.

ಕಡಲಕಳೆಯಿಂದ ಹುಳು ಬೀಳಿಸುವ ಪದ್ಧತಿ ಜಪಾನೀಯರಿಗಷ್ಟೇ ಸೇರಿದ್ದಲ್ಲ. ಮೆಡಿಟರೇನಿಯನ್ ಸಮುದ್ರದ ಕಾರ್ಸಿಕ ದ್ವೀಪದಲ್ಲಿ ಇದೇ ಕುಟುಂಬಕ್ಕೆ ಸೇರಿದ ಬೇರೊಂದು ಕೆಂಪು ಪಾಚಿ ಇದೇ ಕೆಲಸಕ್ಕೆ ಬಳಕೆಯಲ್ಲಿದ್ದು, ಹದಿನೆಂಟನೆಯ ಶತಮಾನದ ಕೊನೆಯ ವೇಳೆಗೆ ಯುರೋಪಿನ ಔಷಧಾಲಯಗಳಲ್ಲಿ ‘ಕಾರ್ಸಿಕದ ಪಾಚಿ’ ಎಂಬ ಹೆಸರಿನಿಂದ ಮಾರಾಟವಾಗುತ್ತಿದ್ದಿತು. ನಮ್ಮ ನಾಡಿನ ವೈದ್ಯರು ಮುತ್ತುಗದ ಬೀಜವನ್ನೂ ವಾಯುವಿಳಂಗವನ್ನೂ ಕೊಟ್ಟಂತೆ, ಕಡಲ ದಂಡೆಯವರು ತಮ್ಮ ಕೈಗೆಟಕಿದ್ದನ್ನು ಪರೀಕ್ಷಿಸಿ ನೋಡಿದರು. ಪರೀಕ್ಷಿಸಿ ನೋಡಿದರು ಎಂಬ ಮಾತನ್ನು ನಾವು ಬೇಕೆಂದೇ ಬಳಸಿದ್ದೇವೆ. ಹುಳುವಿನ ಮದ್ದಿಗೆ ಇತರ ಮದ್ದುಗಳಿಗಿಲ್ಲದ ಒಂದು ವಿಶೇಷವುಂಟು: ಅದು ಫಲಿಸಿತೋ ಇಲ್ಲವೋ ಎಂಬುದು ಮರುದಿನವೇ ಕಣ್ಣಿಗೆ ಕಾಣುತ್ತದೆ. ಜ್ವರವಿಳಿದರೆ ಅದು ಮದ್ದಿನಿಂದ ಇಳಿಯಿತೋ ತಾನಾಗಿ ಇಳಿಯಿತೋ ಎಂದು ಸಂದೇಹಪಡಬಹುದು. ಬಿದ್ದ ಹುಳುವಿನ ವಿಷಯದಲ್ಲಿ ಸಂದೇಹಕ್ಕೆ ಎಡೆ ಕಡಮೆ. ಆದ್ದರಿಂದಲೇ ಲೋಕದ ಜನಪದ ವೈದ್ಯಗಳಲ್ಲಿ ಜಂತುನಾಶಕಗಳ ಭಾಗವು ಹೆಚ್ಚು ನಂಬಿಕೆಗೆ ಅರ್ಹವಾದುದೆಂದು ನಮ್ಮ ಅಭಿಪ್ರಾಯ.

೧೯೪೫ರಲ್ಲಿ ಯುದ್ಧ ಮುಗಿದ ಮೇಲೆ ಈ ಕಳೆಗೆ ಜಪಾನಿನಲ್ಲಿ ಎಂದಿಲ್ಲದ ಪ್ರಾಮುಖ್ಯ ಬಂದಿತು. ರಸಗೊಬ್ಬರದ ಅಭಾವದಿಂದ ತರಕಾರಿಯ ಹೊಲಗಳಿಗೆ ಮನುಷ್ಯರ ಮಲವನ್ನೇ ಗೊಬ್ಬರವಾಗಿ ಹಾಕುತ್ತಿದ್ದ ಕಾಲವದು. ದುಂಡುಹುಳುವಿನ ಮೊಟ್ಟೆಗಳು ಮಣ್ಣಿನಿಂದ ಸೊಪ್ಪಿಗೆ, ಸೊಪ್ಪಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ಮತ್ತೆ ಮಣ್ಣಿಗೆ ಸುತ್ತುತ್ತ, ದೇಶದ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ಹುಳುವಿಗೆ ನೆಲೆಯಾಗಿದ್ದರು. ಶಾಲೆಗಳಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮಕುರಿಯ ಕಷಾಯವನ್ನು ಕುಡಿಸಲಾಯಿತು. ಅದರ ನಾತವೂ ರುಚಿಯೂ ಆ ತಲೆಮಾರಿನವರ ನೆನಪಿನಲ್ಲಿ ಬಹುಕಾಲ ಉಳಿದವು. ಬಾಲ್ಯದಲ್ಲಿ ಹರಳೆಣ್ಣೆ ಕುಡಿದವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಕಷಾಯಕ್ಕೆ ಒಂದು ದೋಷವಿತ್ತು: ಒಂದು ಕಟ್ಟು ಕಳೆಯಲ್ಲಿರುವಷ್ಟು ಸತ್ತ್ವ ಇನ್ನೊಂದರಲ್ಲಿರುವುದಿಲ್ಲ. ಅಳತೆಗೆ ಸಿಕ್ಕುವ ಮದ್ದು ಬೇಕಾದರೆ ಸತ್ತ್ವವನ್ನೇ ಬೇರ್ಪಡಿಸಬೇಕು. ಈ ಕಾರ್ಯವನ್ನು ಸಾಧಿಸಿದವರು ಮುರಕಾಮಿ, ತಕೆಮೊತೊ, ಶಿಮಿಜು ಎಂಬ ಜಪಾನೀ ರಸಾಯನಜ್ಞರು. ೧೯೫೩ರಲ್ಲಿ ಅವರು ಕಳೆಯಿಂದ ಶುದ್ಧವಾದ ಹರಳುಗಳನ್ನು ತೆಗೆದು ಪ್ರಕಟಿಸಿದರು. ಸಸ್ಯದ ಲ್ಯಾಟಿನ್ ಹೆಸರನ್ನನುಸರಿಸಿ ಅದಕ್ಕೆ ಡೈಜೆನಿಕ್ ಆಮ್ಲವೆಂಬ ಹೆಸರು ಮೊದಲು ಇದ್ದಿತು. ಅನಂತರ ಕೈನಿನ್‌ಸೋ ಎಂಬ ಜಪಾನೀ ಹೆಸರಿನ ಮೇರೆಗೆ ಕೈನಿಕ್ ಆಮ್ಲವೆಂಬ ಹೆಸರೇ ನೆಲೆನಿಂತಿತು. ಲ್ಯಾಟಿನ್ ಹೆಸರು ನಿಂತಿದ್ದರೆ ಮಿದುಳಿನ ಆ ಗ್ರಾಹಕಗಳಲ್ಲಿ ಜಪಾನಿನ ಕಡಲ ದಂಡೆಯ ಗುರುತೇ ಉಳಿಯುತ್ತಿರಲಿಲ್ಲ. ಕೆಲವು ಮಿಲಿಗ್ರಾಂಗಳಷ್ಟು ಕೈನಿಕ್ ಆಮ್ಲವನ್ನು ಸ್ಯಾಂಟೊನಿನ್ ಎಂಬ ಬೇರೊಂದು ಜಂತುನಾಶಕದೊಡನೆ ಸೇರಿಸಿದ ಔಷಧವು ಮುಂದೆ ಅಲ್ಲಿ ವಿಶೇಷವಾಗಿ ಬಳಕೆಗೆ ಬಂದಿತು.

ಈ ಮೂವರಲ್ಲಿ ತಕೆಮೊತೊ ತ್ಸುನೆಮತ್ಸು ಎಂಬಾತನನ್ನು ಪ್ರತ್ಯೇಕವಾಗಿ ನೆನೆಯಬೇಕು. ಕೈನಿಕ್ ಆಮ್ಲದೊಡನೆ ಆತನ ಆಸಕ್ತಿ ಮುಗಿಯಲಿಲ್ಲ. ತೊಕುನೊಶಿಮಾ ದ್ವೀಪದವರು ದೋಮೊಯ್ ಎಂದು ಕರೆದು ಹುಳುವಿಗೆ ಬಳಸುತ್ತಿದ್ದ ಬೇರೊಂದು ಕೆಂಪು ಪಾಚಿಯಿಂದ ೧೯೫೮ರಲ್ಲಿ ಆತನೂ ಆತನ ಸಹೋದ್ಯೋಗಿ ದೈಗೊ ಎಂಬವನೂ ಡೊಮೋಯಿಕ್ ಆಮ್ಲವನ್ನು ಬೇರ್ಪಡಿಸಿದರು. ನೊಣಗಳನ್ನು ಕೊಲ್ಲುವ ಅಣಬೆಗಳಿಂದ ಐಬೋಟೆನಿಕ್ ಆಮ್ಲವೂ ಟ್ರೈಕೊಲೋಮಿಕ್ ಆಮ್ಲವೂ ಹೊರಬಂದವು. ೧೯೭೦ರ ದಶಕದಲ್ಲಿ, ಚೀನದ ವೈದ್ಯರು ಮಕ್ಕಳ ಹುಳುವಿಗೆ ಕೊಡುತ್ತಿದ್ದ ಒಂದು ಬಳ್ಳಿಯ ಬೀಜದಿಂದ ಕ್ವಿಸ್‌ಕ್ವಾಲಿಕ್ ಆಮ್ಲ ದೊರೆಯಿತು. ಆ ಬಳ್ಳಿ ನಮಗೆ ಅಪರಿಚಿತವಲ್ಲ: ಮೈಸೂರು, ಬೆಂಗಳೂರುಗಳ ಮನೆಯಂಗಳಗಳಲ್ಲಿ ಸಂಜೆ ಬಿಳಿಯಾಗಿ ಅರಳಿ ಮರುದಿನ ಕೆಂಪಿಗೆ ತಿರುಗುವ ಗೊಂಚಲು ಹೂಗಳ ರಂಗೂನ್ ಬಳ್ಳಿಯೇ ಅದು. ಹೀಗೆ ಜನರು ಹುಳುವಿಗೋ ನೊಣಕ್ಕೋ ಬಳಸುತ್ತಿದ್ದ ವಸ್ತುಗಳನ್ನೇ ಹುಡುಕಿ ಹುಡುಕಿ ಪರೀಕ್ಷಿಸಿದಾಗ ಬಂದ ಫಲಗಳೆಲ್ಲ ಒಂದೇ ಕಡೆಗೆ ಬೆರಳು ತೋರಿಸಿದವು. ಆ ಆಮ್ಲಗಳೆಲ್ಲ ಗ್ಲುಟಾಮಿಕ್ ಆಮ್ಲವೆಂಬ ಸರ್ವಸಾಮಾನ್ಯ ಪದಾರ್ಥವನ್ನು ಹೋಲುತ್ತಿದ್ದವು.

ಗ್ಲುಟಾಮಿಕ್ ಆಮ್ಲದ ಚರಿತ್ರೆಯಲ್ಲಿಯೂ ಒಂದು ಕಡಲಕಳೆ ಬರುತ್ತದೆ. ೧೮೬೬ರಲ್ಲಿ ಜರ್ಮನಿಯ ರಿಟ್‌ಹೌಸೆನ್ ಅದನ್ನು ಗೋದಿಯ ಅಂಟಿನಿಂದ ತೆಗೆದಿದ್ದನು. ೧೯೦೮ರಲ್ಲಿ ಟೋಕಿಯೊ ವಿಶ್ವವಿದ್ಯಾನಿಲಯದ ಇಕೆದಾ ಕಿಕುನಾಯೆ, ತನ್ನ ದೇಶದ ಸಾರಿಗೆ ರುಚಿ ಕೊಡುವ ಕೊಂಬು ಎಂಬ ಕಂದು ಕಡಲಕಳೆಯಲ್ಲಿ ಅದೇ ಪದಾರ್ಥವಿರುವುದನ್ನು ಕಂಡು, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟನು. ಇದೇ ಗ್ಲುಟಾಮಿಕ್ ಆಮ್ಲವು ಮಿದುಳಿನಲ್ಲಿ ಬೇರೆ ಎಲ್ಲ ಅಮೈನೊ ಆಮ್ಲಗಳಿಗಿಂತ ಹೆಚ್ಚಿನ ಪ್ರಮಾಣದಲ್ಲಿದೆ. ಅದಕ್ಕೆ ಅಲ್ಲೇನು ಕೆಲಸವೆಂಬುದು ದೀರ್ಘಕಾಲ ವಿವಾದಾಸ್ಪದವಾಗಿದ್ದಿತು. ೧೯೫೦ರ ದಶಕದಲ್ಲಿ ಕೆಯೋ ವಿಶ್ವವಿದ್ಯಾನಿಲಯದ ಹಯಾಶಿ ಅದನ್ನು ನಾಯಿಗಳ ಮಿದುಳಿಗೆ ಹಾಕಿದಾಗ ಸೆಳವು ಬಂದಿತು. ಆ ದಶಕದ ಕೊನೆಯಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರದಲ್ಲಿ ಕರ್ಟಿಸ್, ಫಿಲಿಸ್, ವಾಟ್ಕಿನ್ಸ್ ಎಂಬವರು ಬೆಕ್ಕಿನ ಬೆನ್ನುಹುರಿಯ ಒಂದೊಂದೇ ನರಕೋಶದ ಮೇಲೆ ಅದನ್ನು ಸುರಿದು, ಅದು ನರಕೋಶಗಳನ್ನು ಉದ್ರೇಕಿಸುವುದನ್ನು ನಿಸ್ಸಂದೇಹವಾಗಿ ತೋರಿಸಿದರು. ಆದರೂ ಒಂದು ನರಕೋಶವು ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ವಾಹಕ ಇದೇ ಎಂದು ಒಪ್ಪಲು ಅವರಿಗೇ ಮನಸ್ಸು ಬರಲಿಲ್ಲ. ಎಲ್ಲೆಲ್ಲಿಯೂ ಇರುವ, ಮುಟ್ಟಿದ ಕೋಶವನ್ನೆಲ್ಲ ಉದ್ರೇಕಿಸುವ ಇಷ್ಟು ಸಾಧಾರಣ ಪದಾರ್ಥ ಅಷ್ಟು ಸೂಕ್ಷ್ಮವಾದ ದೂತಕಾರ್ಯವನ್ನು ಮಾಡುವುದು ಹೇಗೆಂಬುದು ಅವರ ಆಕ್ಷೇಪ. ಆ ಕಾಲದಲ್ಲಿ ಅದು ಯುಕ್ತವಾದ ಆಕ್ಷೇಪವೇ ಆಗಿದ್ದಿತು.

ಕೈನಿಕ್ ಆಮ್ಲವು ರಂಗಕ್ಕೆ ಬರುವುದು ಇಲ್ಲಿ. ೧೯೭೦ರಲ್ಲಿ ಶಿನೋಜಾಕಿ ಮತ್ತು ಕೊನಿಶಿ ಎಂಬ ಇಬ್ಬರು ಜಪಾನೀ ಸಂಶೋಧಕರು ಒಂದು ಪುಟ್ಟ ಪ್ರಬಂಧವನ್ನು ಪ್ರಕಟಿಸಿದರು. ಕೆಲವು ಜಂತುನಾಶಕಗಳೂ ಕೀಟನಾಶಕಗಳೂ ಇಲಿಯ ಮಿದುಳಿನ ನರಕೋಶಗಳ ಮೇಲೆ ಮಾಡುವ ಕ್ರಿಯೆಯೇ ಅದರ ವಿಷಯವೆಂಬುದು ಶಿರೋನಾಮೆಯಿಂದಲೇ ಗೊತ್ತಾಗುತ್ತದೆ. ಕೈನಿಕ್ ಆಮ್ಲವು ಗ್ಲುಟಾಮಿಕ್ ಆಮ್ಲಕ್ಕಿಂತ ಹಲವು ಪಟ್ಟು ಪ್ರಬಲವಾಗಿ ನರಕೋಶಗಳನ್ನು ಉದ್ರೇಕಿಸುವುದೆಂದು ಅವರು ತೋರಿಸಿದರು. ಇದನ್ನು ಆಕಸ್ಮಿಕವೆನ್ನುವವರು ಆ ಶಿರೋನಾಮೆಯನ್ನು ಗಮನವಿಟ್ಟು ಓದಬೇಕೆಂದು ನಮ್ಮ ವಿನಂತಿ. ಹುಳುವನ್ನೋ ನೊಣವನ್ನೋ ನಿಶ್ಚೇಷ್ಟಗೊಳಿಸುವ ವಸ್ತು ಅವುಗಳ ನರಗಳನ್ನು ತಟ್ಟುತ್ತಿರಬೇಕು. ಹಾಗಿದ್ದರೆ ಮೇಲ್ದರ್ಜೆಯ ಪ್ರಾಣಿಯ ನರಗಳನ್ನೂ ತಟ್ಟೀತೇ ಎಂದು ಕೇಳುವುದು ಕ್ರಮಬದ್ಧವಾದ ಪ್ರಶ್ನೆ. ಈ ಪ್ರಶ್ನೆಯನ್ನು ಕೇಳುವುದು ಮೊದಲು ಜಪಾನಿನಲ್ಲಿ ಸಾಧ್ಯವಾದದ್ದು, ಕಡಲ ದಂಡೆಯವರ ತಿಳಿವಳಿಕೆ ಔಷಧರಸಾಯನಜ್ಞರ ಸೀಸೆಗೆ, ಆ ಸೀಸೆ ಶರೀರಶಾಸ್ತ್ರಜ್ಞರ ಮೇಜಿಗೆ ದಾಟಲು ಬೇಕಾದ ದಾರಿ ಅಲ್ಲಿ ಮೊದಲೇ ಸವೆದಿದ್ದುದರಿಂದ. ದಾರಿಯಲ್ಲಿ ನಡೆಯುತ್ತ ಊರು ಸೇರಿದವನನ್ನು ದಾರಿ ತಪ್ಪಿ ಬಂದವನೆನ್ನುವುದು ಸರಿಯಲ್ಲ.

ಈ ಆಮ್ಲದ ಬಲಕ್ಕೆ ಕಾರಣವೇನು? ಗ್ಲುಟಾಮಿಕ್ ಆಮ್ಲದ ಅಣುವು ಬಳುಕುವ ಸರಪಣಿಯಂತಹುದು. ತನ್ನ ಬಂಧಗಳ ಸುತ್ತ ಹೊರಳಿ ನಾನಾ ಭಂಗಿಗಳನ್ನು ತಾಳಬಲ್ಲುದು. ಕೈನಿಕ್ ಆಮ್ಲದಲ್ಲಿ ಅದೇ ಸರಪಣಿಯ ಒಂದು ಭಾಗವು ಐದು ಪರಮಾಣುಗಳ ಬಳೆಯಾಗಿ ಬಿಗಿದುಕೊಂಡಿದೆ; ಬಳೆಯ ಪಕ್ಕದಲ್ಲಿ ಇಂಗಾಲದ ಒಂದು ಸಣ್ಣ ಕವಲಿದೆ. ಆದ್ದರಿಂದ ಅದು ಹೊರಳಲಾರದು. ಒಂದೇ ಭಂಗಿಯಲ್ಲಿ ನಿಂತಿರುತ್ತದೆ. ನರಕೋಶದ ಹೊರಪೊರೆಯಲ್ಲಿ ಗ್ಲುಟಾಮಿಕ್ ಆಮ್ಲವನ್ನು ಹಿಡಿದುಕೊಳ್ಳುವ ಗ್ರಾಹಕಗಳಲ್ಲಿ ಹಲವು ಬಗೆಗಳಿದ್ದು, ಬಳುಕುವ ಗ್ಲುಟಾಮಿಕ್ ಆಮ್ಲವು ಅವೆಲ್ಲಕ್ಕೂ ಹೊಂದುತ್ತದೆ. ಬಿಗಿಯಾದ ಕೈನಿಕ್ ಆಮ್ಲವು ಕೆಲವಕ್ಕೆ ಮಾತ್ರ, ಆದರೆ ಅವಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ಸಾಲದ್ದಕ್ಕೆ, ಕೆಲಸ ಮುಗಿದ ಗ್ಲುಟಾಮಿಕ್ ಆಮ್ಲವನ್ನು ಕೂಡಲೆ ಹೀರಿಕೊಂಡು ತೆರವು ಮಾಡುವ ಏರ್ಪಾಡು ಮಿದುಳಿನಲ್ಲಿದೆ. ಕೈನಿಕ್ ಆಮ್ಲವು ಆ ಏರ್ಪಾಡಿಗೆ ಸುಲಭವಾಗಿ ಸಿಕ್ಕುವುದಿಲ್ಲ. ಎಲ್ಲ ಬೀಗಗಳನ್ನೂ ತೆಗೆಯುವ ಬೀಗದ ಕೈ ಕೈಯಲ್ಲಿದ್ದವನಿಗೆ ಮನೆಯಲ್ಲಿ ಎಷ್ಟು ಬಗೆಯ ಬೀಗಗಳಿವೆಯೆಂಬುದು ತಿಳಿಯುವುದಿಲ್ಲ. ಒಂದೊಂದನ್ನೇ ತೆಗೆಯುವ ಬೇರೆ ಬೇರೆ ಕೈಗಳಿದ್ದವನಿಗೆ ತಿಳಿಯುತ್ತದೆ. ಈ ಬಗೆಯ ಪದಾರ್ಥಗಳ ನೆರವಿನಿಂದಲೇ ೧೯೮೧ರಲ್ಲಿ ವಾಟ್ಕಿನ್ಸ್ ಮತ್ತು ಇವಾನ್ಸ್ ಉದ್ರೇಕಕ ಗ್ರಾಹಕಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದರು. ಅವುಗಳಲ್ಲಿ ಒಂದಕ್ಕೆ ಕಡಲಕಳೆಯ ಕೈನೇಟಿನ ಹೆಸರೂ ಇನ್ನೊಂದಕ್ಕೆ ರಂಗೂನ್ ಬಳ್ಳಿಯ ಕ್ವಿಸ್‌ಕ್ವಾಲೇಟಿನ ಹೆಸರೂ ಬಂದವು. ಎರಡನೆಯದು ಕಾಲಕ್ರಮದಲ್ಲಿ ಬದಲಾಯಿತು, ಮೊದಲನೆಯದು ಉಳಿಯಿತು. ಇಪ್ಪತ್ತು ವರ್ಷಗಳ ಹಿಂದೆ ಗ್ಲುಟಾಮಿಕ್ ಆಮ್ಲದ ದೂತಕಾರ್ಯವನ್ನು ಒಪ್ಪದಿದ್ದ ಮೂವರಲ್ಲಿ ವಾಟ್ಕಿನ್ಸನೂ ಒಬ್ಬನಾಗಿದ್ದನೆಂಬುದನ್ನು ನೆನೆದರೆ, ಸಾಕ್ಷ್ಯಕ್ಕೆ ತಲೆಬಾಗುವ ಮನೋಧರ್ಮ ಎಂತಹುದೆಂಬುದು ತಿಳಿಯುತ್ತದೆ.

ಇಷ್ಟರಲ್ಲಿ ಈ ಆಮ್ಲದ ಇನ್ನೊಂದು ಮುಖ ಹೊರಬಿದ್ದಿತ್ತು. ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಜಾನ್ ಓಲ್ನಿ ೧೯೬೯ರಲ್ಲಿ, ಹಸುಳೆ ಇಲಿಗಳಿಗೆ ಗ್ಲುಟಾಮಿಕ್ ಆಮ್ಲದ ಲವಣವನ್ನು ಹೆಚ್ಚಾಗಿ ಚುಚ್ಚಿದರೆ ಅವುಗಳ ಮಿದುಳಿನ ಕೆಲವು ನರಕೋಶಗಳು ಸಾಯುವುದನ್ನು ವರದಿ ಮಾಡಿದನು. ೧೯೭೪ರಲ್ಲಿ ಆತನೂ ಸಹೋದ್ಯೋಗಿಗಳೂ ಕೈನಿಕ್ ಆಮ್ಲವು ಈ ವಿಷಯದಲ್ಲಿ ಅದಕ್ಕಿಂತ ಬಹಳ ಉಗ್ರವೆಂದು ಕಂಡರು. ಇಂತಹ ಪದಾರ್ಥಗಳು ನರಕೋಶವನ್ನು ಉದ್ರೇಕಿಸಿ ಉದ್ರೇಕಿಸಿಯೇ ಕೊಲ್ಲುತ್ತವೆ ಎಂಬುದು ಓಲ್ನಿಯ ಸಿದ್ಧಾಂತ. ಗ್ರಾಹಕವು ತೆರೆದೇ ಇರುವುದರಿಂದ ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ಒಳನುಗ್ಗುತ್ತವೆ. ಅವುಗಳ ಹಿಂದೆ ನೀರು ಹರಿದು ಕೋಶ ಊದುತ್ತದೆ. ಕೋಶದೊಳಗಿನ ಜೀರ್ಣಕಾರಿ ಕಿಣ್ವಗಳು ಕೆರಳಿ ಕೋಶವನ್ನೇ ತಿನ್ನುತ್ತವೆ. ಇದನ್ನು ಕನ್ನಡದಲ್ಲಿ ಉದ್ರೇಕವಿಷತ್ವ ಎನ್ನಬಹುದು.

ಕೊಲ್ಲುವ ಗುಣವೇ ಸಂಶೋಧಕರಿಗೆ ಉಪಕರಣವಾಯಿತು. ಮಿದುಳಿನ ಒಂದು ಭಾಗದ ಕೆಲಸವೇನೆಂದು ತಿಳಿಯಲು ಆ ಭಾಗವನ್ನು ನಾಶಪಡಿಸಿ ನೋಡುವುದು ಹಳೆಯ ಕ್ರಮ. ವಿದ್ಯುತ್ತಿನಿಂದ ಸುಟ್ಟರೆ ಅಲ್ಲಿಯ ಕೋಶಗಳ ಜೊತೆಗೆ, ಬೇರೆಲ್ಲಿಂದಲೋ ಹೊರಟು ಆ ಮೂಲಕ ಹಾದುಹೋಗುವ ನರತಂತುಗಳೂ ಸುಡುತ್ತವೆ; ಸಂತೆಯನ್ನು ಮುಚ್ಚಿಸಲು ಹೋಗಿ ಹೆದ್ದಾರಿಯನ್ನೂ ಅಗೆದಂತೆ. ಕೈನಿಕ್ ಆಮ್ಲವು ಅಲ್ಲಿ ನೆಲಸಿದ ಕೋಶಗಳನ್ನು ಕೊಂದು, ಹಾದುಹೋಗುವ ತಂತುಗಳನ್ನು ಬಹುಮಟ್ಟಿಗೆ ಉಳಿಸುತ್ತದೆ. ೧೯೭೬ರಲ್ಲಿ ಕಾಯ್ಲ್ ಮತ್ತು ಶ್ವಾರ್ಟ್ಸ್ ಒಂದು ಕಡೆ, ಮೆಕ್‌ಗಿಯರ್ ದಂಪತಿಗಳು ಇನ್ನೊಂದು ಕಡೆ, ಇಲಿಯ ಮಿದುಳಿನ ಸ್ಟ್ರಯೇಟಮ್ ಎಂಬ ಭಾಗಕ್ಕೆ ಇದನ್ನು ಚುಚ್ಚಿ, ಅಲ್ಲಿ ಉಂಟಾಗುವ ಹಾನಿಯು ಹಂಟಿಂಗ್ಟನ್ ರೋಗದಿಂದ ಸತ್ತವರ ಮಿದುಳಿನಲ್ಲಿ ಕಾಣುವ ಹಾನಿಯನ್ನು ಹೋಲುವುದೆಂದು ತೋರಿಸಿದರು. ತಂದೆತಾಯಿಗಳಿಂದ ಮಕ್ಕಳಿಗೆ ಇಳಿದು ನಡುವಯಸ್ಸಿನಲ್ಲಿ ಅಂಗಾಂಗಗಳನ್ನು ಕುಣಿಸಿ, ಬುದ್ಧಿಯನ್ನು ಕುಂದಿಸಿ ಕೊಲ್ಲುವ ಆ ರೋಗವನ್ನು ಪ್ರಯೋಗಶಾಲೆಯಲ್ಲಿ ಅಭ್ಯಾಸ ಮಾಡಲು ಇದು ಮೊದಲ ಬಾರಿಗೆ ಮಾರ್ಗ ಮಾಡಿಕೊಟ್ಟಿತು. ಆದರೆ ಹೋಲಿಕೆ ಪೂರ್ಣವಾಗಿರಲಿಲ್ಲ. ರೋಗದಲ್ಲಿ ಉಳಿದುಕೊಳ್ಳುವ ಕೆಲವು ಕೋಶಗಳನ್ನೂ ಕೈನಿಕ್ ಆಮ್ಲ ಕೊಲ್ಲುತ್ತಿದ್ದಿತು. ೧೯೮೬ರಲ್ಲಿ ಕ್ವಿನೊಲಿನಿಕ್ ಆಮ್ಲವು ಈ ಕಾರ್ಯಕ್ಕೆ ಹೆಚ್ಚು ಯೋಗ್ಯವೆಂದು ಕಂಡುಬಂದಿತು. ೧೯೯೩ರಲ್ಲಿ ರೋಗಕ್ಕೆ ಕಾರಣವಾದ ಜೀನೇ ಸಿಕ್ಕಿದ ಮೇಲೆ ಸಂಶೋಧನೆಯ ಮುಖ್ಯಧಾರೆ ಬೇರೆ ಕಡೆಗೆ ತಿರುಗಿತು.

ಅಪಸ್ಮಾರದ ಅಧ್ಯಯನದಲ್ಲಿ ಕೈನಿಕ್ ಆಮ್ಲದ ಸ್ಥಾನ ಇದಕ್ಕಿಂತ ಸ್ಥಿರವಾದುದು. ೧೯೭೮ರಲ್ಲಿ ನ್ಯಾಡ್ಲರ್ ಮೊದಲಾದವರು, ಮಿದುಳಿನ ಕುಹರಗಳಿಗೆ ಹಾಕಿದ ಕೈನಿಕ್ ಆಮ್ಲವು ಎಲ್ಲಕ್ಕಿಂತ ಮೊದಲು ಹಿಪೊಕ್ಯಾಂಪಸ್ ಎಂಬ ಭಾಗದ ಕೋಶಗಳನ್ನು ಹಿಡಿಯುವುದನ್ನು ಕಂಡರು. ಕಡಲ್ಗುದುರೆಯಂತೆ ಬಾಗಿರುವುದರಿಂದ ಆ ಹೆಸರನ್ನು ಪಡೆದ ಆ ಭಾಗವು ಹೊಸ ನೆನಪುಗಳು ರೂಪುಗೊಳ್ಳುವ ಸ್ಥಾನ. ಫ್ರಾನ್ಸಿನ ಬೆನ್-ಆರಿ ಮತ್ತು ಸಂಗಡಿಗರು ಇದನ್ನು ಮುಂದುವರಿಸಿ ಮನುಷ್ಯರ ಅಪಸ್ಮಾರದ ಒಂದು ಮುಖ್ಯ ಬಗೆಗೆ ಪ್ರತಿರೂಪವನ್ನು ನಿರ್ಮಿಸಿದರು. ಆಮ್ಲ ಕೊಟ್ಟ ಇಲಿ ಮೊದಲು ದಿಟ್ಟಿಸುತ್ತ ನಿಶ್ಚಲವಾಗಿ ನಿಲ್ಲುತ್ತದೆ. ಆಮೇಲೆ ನೆನೆದ ನಾಯಿಯಂತೆ ಮೈ ಕೊಡಹುತ್ತದೆ. ಅನಂತರ ಗಂಟೆಗಟ್ಟಲೆ ಸೆಳವು. ಅದು ನಿಂತ ಮೇಲೆ ಕೆಲವು ವಾರಗಳ ಕಾಲ ಇಲಿ ಸ್ವಸ್ಥವಾಗಿಯೇ ಕಾಣುತ್ತದೆ. ಆದರೆ ಅಷ್ಟು ಕಾಲ ಕಳೆದಮೇಲೆ ಯಾವ ಆಮ್ಲವೂ ಇಲ್ಲದೆ ತಾನಾಗಿಯೇ ಸೆಳವುಗಳು ಆರಂಭವಾಗುತ್ತವೆ. ಒಂದು ಗಾಯವು ಮೌನವಾಗಿದ್ದು ರೋಗವಾಗಿ ಮಾರ್ಪಡುವ ಆ ನಡುವಣ ಅವಧಿಯನ್ನು ಅಭ್ಯಾಸ ಮಾಡುವವರಿಗೆ ಈ ಪ್ರತಿರೂಪವು ಇಂದಿಗೂ ಬೇಕಾಗಿದೆ.

ಇನ್ನು ಎರಡನೆಯ ತೀರ್ಪಿನ ವಿಚಾರ. ಮಿದುಳನ್ನು ಹೀಗೆ ಹಾಳುಮಾಡುವ ಪದಾರ್ಥವನ್ನು ಸಹಸ್ರಾರು ಮಕ್ಕಳಿಗೆ ಕುಡಿಸಿದ್ದು ನಿಜವಲ್ಲವೇ? ನಿಜ. ಇದಕ್ಕೆ ಉತ್ತರವನ್ನು ಕೈನಿಕ್ ಆಮ್ಲಕ್ಕಿಂತ ಹೆಚ್ಚಾಗಿ ಅದರ ದಾಯಾದಿಯಾದ ಡೊಮೋಯಿಕ್ ಆಮ್ಲದ ಚರಿತ್ರೆಯಲ್ಲಿ ಹುಡುಕಬೇಕಾಗಿದೆ. ೧೯೮೭ರ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಕೆನಡ ದೇಶದಲ್ಲಿ ನೂರಕ್ಕೂ ಹೆಚ್ಚು ಮಂದಿಗೆ ವಾಂತಿಭೇದಿಗಳೂ, ಅವರಲ್ಲಿ ಕೆಲವರಿಗೆ ಸೆಳವು, ಮತಿವಿಭ್ರಮಗಳೂ ಕಾಣಿಸಿಕೊಂಡವು. ಎಲ್ಲರೂ ಪ್ರಿನ್ಸ್ ಎಡ್ವರ್ಡ್ ದ್ವೀಪದ ಮಸಲ್ ಎಂಬ ಚಿಪ್ಪುಜೀವಿಯನ್ನು ತಿಂದವರು. ನಮ್ಮ ಕರಾವಳಿಯವರು ಪಚ್ಚಿಲೆ ಎನ್ನುವುದರ ಜಾತಿಯದು ಅದು. ಮೂವರು ವೃದ್ಧರು ತೀರಿಕೊಂಡರು. ಬದುಕಿದವರಲ್ಲಿ ಕೆಲವರು ಹಳೆಯದನ್ನೆಲ್ಲ ಬಲ್ಲವರಾಗಿದ್ದೂ ಹೊಸದೇನನ್ನೂ ನೆನಪಿನಲ್ಲಿಟ್ಟುಕೊಳ್ಳಲಾರದವರಾದರು. ಹ್ಯಾಲಿಫ್ಯಾಕ್ಸಿನ ರಸಾಯನಜ್ಞರು ಚಿಪ್ಪುಗಳನ್ನು ಕೈಗೆತ್ತಿಕೊಂಡು ಐದು ದಿನಗಳೊಳಗೆ ವಿಷವು ಡೊಮೋಯಿಕ್ ಆಮ್ಲವೆಂದು ಗುರುತಿಸಿದರು. ತಕೆಮೊತೊ ಮತ್ತು ದೈಗೊ ಅದನ್ನು ಇಪ್ಪತ್ತೊಂಬತ್ತು ವರ್ಷಗಳ ಹಿಂದೆಯೇ ವರ್ಣಿಸಿದ್ದರು. ಆದರೆ ಇಲ್ಲಿ ಅದನ್ನು ತಯಾರಿಸಿದ್ದು ಕೆಂಪು ಪಾಚಿಯಲ್ಲ, ಕಣ್ಣಿಗೆ ಕಾಣದ ಒಂದು ತೇಲುಪಾಚಿ. ಚಿಪ್ಪುಗಳು ಅದನ್ನು ಸೋಸಿ ತಿಂದು ವಿಷವನ್ನು ಕೂಡಿಟ್ಟಿದ್ದವು. ರೋಗಿಗಳಲ್ಲಿ ೮೪ ವರ್ಷದ ಒಬ್ಬ ವೃದ್ಧನು ಮೊದಲ ಸೆಳವುಗಳಿಂದ ಚೇತರಿಸಿಕೊಂಡು, ಒಂದು ವರ್ಷದ ಮೇಲೆ ಅಪಸ್ಮಾರಕ್ಕೆ ಗುರಿಯಾದನು. ಅವನು ಸತ್ತ ಮೇಲೆ ನೋಡಿದಾಗ ಹಿಪೊಕ್ಯಾಂಪಸ್ ನಶಿಸಿತ್ತು. ಇಲಿಗಳಲ್ಲಿ ಕಂಡ ಕ್ರಮವೇ ಮನುಷ್ಯನಲ್ಲಿ ಹೆಜ್ಜೆ ಹೆಜ್ಜೆಗೂ ನಡೆದಿದ್ದಿತು.

ಈಗ ಪ್ರಮಾಣಗಳನ್ನು ಹೋಲಿಸೋಣ. ಕೆನಡದಲ್ಲಿ ಕಾಯಿಲೆ ಬಿದ್ದವರ ಹೊಟ್ಟೆಗೆ ಹೋದ ವಿಷವನ್ನು ೬೦ರಿಂದ ೨೯೦ ಮಿಲಿಗ್ರಾಂಗಳವರೆಗೆ ಎಣಿಸಿದ್ದಾರೆ. ಜಪಾನಿನಲ್ಲಿ ಹುಳುವಿಗೆ ಕೊಡುತ್ತಿದ್ದ ಡೊಮೋಯಿಕ್ ಆಮ್ಲದ ಪ್ರಮಾಣ ಸುಮಾರು ೨೦ ಮಿಲಿಗ್ರಾಂ. ಅದರಿಂದ ಕೆಡುಕಾಯಿತೆಂಬ ವರದಿಯಿಲ್ಲ. ಬಾಯಿಯಿಂದ ಹೋದದ್ದರಲ್ಲಿ ಸ್ವಲ್ಪ ಭಾಗ ಮಾತ್ರ ರಕ್ತವನ್ನು ಸೇರುತ್ತದೆ. ರಕ್ತದಿಂದ ಮಿದುಳಿಗೆ ದಾಟಲು ತಡೆಯಿದೆ. ಮೂತ್ರಪಿಂಡಗಳು ಅದನ್ನು ಬೇಗ ಹೊರಹಾಕುತ್ತವೆ. ಕೆನಡದಲ್ಲಿ ಬಹಳ ಪೆಟ್ಟು ತಿಂದವರು ಮುದುಕರೂ ಮೂತ್ರಪಿಂಡದ ರೋಗವುಳ್ಳವರೂ ಆಗಿದ್ದುದು ಇದಕ್ಕೆ ಒಪ್ಪುತ್ತದೆ. ಪ್ರಯೋಗಶಾಲೆಯಲ್ಲಿ ಇಲಿಯ ಮಿದುಳಿಗೇ ಸ್ವಲ್ಪ ಸ್ವಲ್ಪವಾಗಿ ಚುಚ್ಚುವ ಕೈನಿಕ್ ಆಮ್ಲಕ್ಕೂ ಶಾಲೆಯ ಮಗು ಕುಡಿದ ಬಟ್ಟಲಿಗೂ ನಡುವೆ ಕರುಳು, ರಕ್ತ, ತಡೆಗೋಡೆ ಇಷ್ಟೂ ಇದ್ದವು. ಆದಕಾರಣ ಮಕ್ಕಳಿಗೆ ವಿಷ ಕುಡಿಸಿದರು ಎಂಬ ಮಾತು ಹಿಂದಿನವರ ಬಟ್ಟಲಿಗೆ ಇಂದಿನವರ ಸೂಜಿಯನ್ನು ಹೊಂದಿಸಿದಂತೆ.

ಆದರೂ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೆಡುಕಿನ ವರದಿಯಿಲ್ಲ ಎಂಬುದೂ ಕೆಡುಕಾಗಲಿಲ್ಲ ಎಂಬುದೂ ಒಂದೇ ಅಲ್ಲ. ಬಿದ್ದ ಹುಳುಗಳನ್ನು ಎಣಿಸುವವರಿದ್ದರು. ಮಗುವಿನ ನೆನಪನ್ನು ಅಳೆಯುವವರು ಯಾರೂ ಇರಲಿಲ್ಲ, ಅಳೆಯಬೇಕೆಂದು ತೋರಲು ೧೯೭೪ಕ್ಕೆ ಮುಂಚೆ ಕಾರಣವೂ ಇರಲಿಲ್ಲ. ಜನಪದ ವೈದ್ಯದಲ್ಲಿ ನಮಗಿರುವ ನಂಬಿಕೆಯ ಮೇರೆಯನ್ನು ಇದು ತೋರಿಸುತ್ತದೆ: ಮದ್ದು ಫಲಿಸುವುದನ್ನು ಅನುಭವವು ಚೆನ್ನಾಗಿ ಕಾಣುತ್ತದೆ, ನಿಧಾನವಾಗಿ ಅಪರೂಪವಾಗಿ ಬರುವ ಕೇಡನ್ನು ಕಾಣಲಾರದು. ಇನ್ನೊಂದು ತಟ್ಟೆಯಲ್ಲಿ ತೂಗಬೇಕಾದದ್ದೂ ಉಂಟು. ದುಂಡುಹುಳುಗಳು ಗಂಟಾಗಿ ಕರುಳನ್ನೇ ಮುಚ್ಚಿ ಮಕ್ಕಳನ್ನು ಕೊಲ್ಲಬಲ್ಲವು. ಆ ತಂದೆತಾಯಿಗಳ ಮುಂದಿದ್ದ ಆಯ್ಕೆ ಮದ್ದಿಗೂ ಆರೋಗ್ಯಕ್ಕೂ ನಡುವಣದಾಗಿರಲಿಲ್ಲ. ಮದ್ದಿಗೂ ಹುಳುವಿಗೂ ನಡುವಣದಾಗಿದ್ದಿತು.

ಜಪಾನಿನಲ್ಲಿ ಗೊಬ್ಬರದ ರೀತಿ ಬದಲಾಗಿ, ನೈರ್ಮಲ್ಯ ಹೆಚ್ಚಿ, ಹುಳುವಿನ ಉಪದ್ರವ ಅಡಗಿದ ಮೇಲೆ ಮಕುರಿಗೆ ಕೇಳುವವರು ಕಡಮೆಯಾದರು. ಪ್ರಯೋಗಶಾಲೆಗಳು ಮಾತ್ರ ಅದನ್ನು ಬಿಡುವಂತಿರಲಿಲ್ಲ. ೧೯೮೯ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯ ಹೈನ್‌ಮನ್ ಮತ್ತು ಸಂಗಡಿಗರು ಗ್ಲುಟಾಮೇಟ್ ಗ್ರಾಹಕದ ಜೀನನ್ನು ಮೊತ್ತಮೊದಲು ಹಿಡಿದದ್ದು ಈ ಆಮ್ಲವನ್ನು ಗಾಳವಾಗಿಟ್ಟುಕೊಂಡೇ. ಇಲಿಯ ಮಿದುಳಿನ ಸಂದೇಶಗಳನ್ನು ಕಪ್ಪೆಯ ಅಂಡಗಳೊಳಕ್ಕೆ ಸೇರಿಸಿ, ಕೈನಿಕ್ ಆಮ್ಲ ಸೋಕಿದಾಗ ಯಾವ ಅಂಡದಲ್ಲಿ ವಿದ್ಯುತ್ತು ಹರಿಯುವುದೆಂದು ಅವರು ನೋಡಿದರು. ಹೀಗೆ ಸಿಕ್ಕಿದ ಗ್ರಾಹಕವು ಕೈನೇಟ್ ವರ್ಗದ್ದಲ್ಲ, ನೆರೆಯ ವರ್ಗದ್ದೆಂದು ಆಮೇಲೆ ಗೊತ್ತಾಯಿತು. ನಿಜವಾದ ಕೈನೇಟ್ ಗ್ರಾಹಕಗಳು ಅದರ ಬೆನ್ನಿಗೇ ದೊರೆತವು.

ಇಷ್ಟೆಲ್ಲ ಸಂಶೋಧನೆಯು ಕಡಲಿನಿಂದ ಕಿತ್ತು ತಂದ ಕಳೆಯ ಮೇಲೆ ನಿಂತಿದ್ದಿತೆಂಬುದು ಹಲವರ ಗಮನಕ್ಕೆ ಬಂದದ್ದು ೨೦೦೦ದ ವೇಳೆಗೆ, ಪೂರೈಕೆ ಹಠಾತ್ತಾಗಿ ಕಡಿದುಬಿದ್ದಾಗ. ಬೆಲೆ ಏರಿತು, ಆಮ್ಲ ಸಿಕ್ಕದೆ ಹಲವು ಪ್ರಯೋಗಗಳು ನಿಂತವು. ರಸಾಯನಜ್ಞ ಒಪೊಲ್ಟ್ಸರ್ ೧೯೮೨ರಲ್ಲಿಯೇ ಇದನ್ನು ಕೃತಕವಾಗಿ ನಿರ್ಮಿಸಿದ್ದನು, ಇತರರೂ ನಿರ್ಮಿಸಿದ್ದರು. ಆದರೆ ಅವು ಅನೇಕ ಹಂತಗಳ ಪ್ರಯಾಸದ ಮಾರ್ಗಗಳು. ಕಳೆಯು ಅದನ್ನು ಹೇಗೆ ತಯಾರಿಸುವುದೆಂಬುದು ೨೦೧೯ರಲ್ಲಿ ಕ್ಯಾಲಿಫೋರ್ನಿಯದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯವರಿಂದ ಬೆಳಕಿಗೆ ಬಂದಿತು. ರಸಾಯನಜ್ಞರಿಗೆ ಅಷ್ಟು ಹಂತಗಳು ಬೇಕಾದಲ್ಲಿ ಕಳೆಗೆ ಬೇಕಾದವು ಎರಡೇ ಕಿಣ್ವಗಳು. ಮೊದಲನೆಯದು ಗ್ಲುಟಾಮಿಕ್ ಆಮ್ಲಕ್ಕೆ ಐದು ಇಂಗಾಲಗಳ ಒಂದು ತುಂಡನ್ನು ಜೋಡಿಸುತ್ತದೆ. ಕಬ್ಬಿಣವುಳ್ಳ ಎರಡನೆಯದು ಸರಪಣಿಯನ್ನು ಬಾಗಿಸಿ ಬಳೆಯಾಗಿ ಮುಚ್ಚುತ್ತದೆ. ಆ ಕಿಣ್ವಗಳ ಜೀನುಗಳನ್ನು ಬ್ಯಾಕ್ಟೀರಿಯಗಳಲ್ಲಿಟ್ಟು, ಅವುಗಳಿಂದ ಗ್ರಾಂಗಟ್ಟಲೆ ಕೈನಿಕ್ ಆಮ್ಲವನ್ನು ಪಡೆಯಬಹುದೆಂದು ಅವರು ತೋರಿಸಿದ್ದಾರೆ.